ಮಣ್ಣಿನ ಮನೆ, ದೂರದ ಗಿರಾಕಿ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿಯಲ್ಲಿ 1880ರ ದಶಕದಲ್ಲಿ ತೆಗೆದ ಒಂದು ಫೋಟೋ ಇದೆ. ಬಟಾಬಯಲಿನಲ್ಲಿ ಹಿಲ್ಟನ್ ಎಂಬ ರೈತ ಕುಟುಂಬ ನಿಂತಿದೆ. ಪಕ್ಕದಲ್ಲಿ ಬರೀ ನೆಲದ ಮೇಲೆ ಒಂದು ಪಂಪ್ ಆರ್ಗನ್ ಇಟ್ಟಿದ್ದಾರೆ. ಆರ್ಗನ್ ಬಯಲಿಗೆ ಹೇಗೆ ಬಂತು ಎಂಬುದರ ಕಥೆ ಹೀಗಿದೆ. ಆ ಮನೆಯಾಕೆಗೆ ತನ್ನ ಹೊಸ ವಾದ್ಯವನ್ನು ಪೂರ್ವದ ಕಡೆಯ ಬಂಧುಗಳಿಗೆ ತೋರಿಸುವ ಆಸೆ; ಆದರೆ ತಾವು ಇರುವುದು ಮಣ್ಣಿನ ಮನೆಯಲ್ಲಿ ಎಂಬುದು ಅವರಿಗೆ ಗೊತ್ತಾಗಬಾರದು. ಹಾಗಾಗಿ ಆರ್ಗನ್ನನ್ನು ಮನೆಯಿಂದ ಹೊತ್ತು ತಂದು, ಮನೆ ಕಾಣದ ಕಡೆ ಇಟ್ಟು, ಫೋಟೋ ತೆಗೆಸಿಕೊಂಡು, ಮತ್ತೆ ಒಳಗೆ ಹೊತ್ತುಕೊಂಡು ಹೋದರು.

ಮೊದಲ ಸಲ ಈ ಕಥೆ ಓದಿದಾಗ ನಕ್ಕಿದ್ದೆ. 2021ರಲ್ಲಿ ನಾನೇ ಫೋನಿನ ಪರದೆಯ ಮೇಲೆ ಒಂದು ಮಣ್ಣಿನ ಮನೆಯನ್ನು ನೋಡಿ ಕೊಳ್ಳಲು ಹೊರಟೆ. ಆಗ ಹಿಲ್ಟನ್ ಬಾಯಿಯ ಆರ್ಗನ್ ಮತ್ತೆ ನೆನಪಾಯಿತು.

ಆಗ ನಮಗೆ ನ್ಯೂಜೆರ್ಸಿಯಲ್ಲಿ 22 ವರ್ಷ ಕಳೆದಿತ್ತು. ಆಫೀಸು ಮನೆಯೊಳಗೇ ಬಂದು ಕೂತಿತ್ತು. ಮಗಳು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಅವಳಿಗೆ ಹತ್ತಿರವಾದೀತು ಎಂದು ಆ ಕಡೆಯ ಮನೆಗಳನ್ನು ನೋಡುತ್ತಿದ್ದಾಗ, ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಗುಡ್ಡವೊಂದರ ಮಗ್ಗುಲಲ್ಲಿದ್ದ ಮನೆ ಕಣ್ಣಿಗೆ ಬಿತ್ತು. ಮೂರು ಗೋಡೆ ಗುಡ್ಡದೊಳಗೆ, ದಕ್ಷಿಣಕ್ಕೆ ಉದ್ದಕ್ಕೂ ಗಾಜು, ನೆತ್ತಿಯ ಮೇಲೆ ಎರಡು ಅಡಿ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಕಟ್ಟಿದ್ದು 1981ರಲ್ಲಿ. ಬೆಲೆ ನಮ್ಮ ಟೌನ್‌ಹೌಸಿನ ಅರ್ಧಕ್ಕಿಂತ ಕಡಿಮೆ. ಕೊರೋನಾ ಕಾಲ, ವಿಮಾನ ಹತ್ತುವ ಧೈರ್ಯವಿಲ್ಲ. ಏಜೆಂಟ್ ಫೋನ್ ಹಿಡಿದು 20 ನಿಮಿಷ ಮನೆಯನ್ನೆಲ್ಲ ತಿರುಗಿ ತೋರಿಸಿದರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಬೆಳೆದ ನನ್ನ ಹೆಂಡತಿ, "ಇದು ಮನೆಯೋ, ಬಂಕರೋ?" ಎಂದಳು. ನನ್ನ ಕಣ್ಣಿಗೆ ಅದು ಮಾಳಿಗೆ ಮನೆಯಾಗಿಯೇ ಕಂಡಿತು.

ನಾನು ರೋಣ ತಾಲೂಕಿನವನು. ನಮ್ಮ ಕಡೆ ಮಾಳಿಗೆ ಎಂದರೆ ಮಣ್ಣಿನ ಚಪ್ಪಟೆ ಮಾಡು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಮೊಣಕಾಲೆತ್ತರ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಬಳ್ಳಾರಿ, ಚಿತ್ರದುರ್ಗದ ಕಡೆಯವರು ಕರಲು ಎನ್ನುತ್ತಾರೆ. ಒಳಗೆ ಬೆಳಕಿಗೆ ಬೆಳಕಿಂಡಿ. ನೆಲದೊಳಗೆ ಜೋಳ ತುಂಬಿಡಲು ಹಗೇವು. ಏಪ್ರಿಲ್ ಬಿಸಿಲಲ್ಲಿ ಆ ಮನೆಯೊಳಗೆ ಕಾಲಿಟ್ಟರೆ ಬಾವಿಯ ಮೆಟ್ಟಿಲಿಳಿದ ಹಾಗಿರುತ್ತಿತ್ತು. ಸೋರುತ್ತಲೂ ಇತ್ತು ಎನ್ನಿ. ಶಿಶುನಾಳ ಶರೀಫಜ್ಜನ ಸೀಮೆಯವರಿಗೆ ಮಾಳಿಗೆ ಸೋರುವುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಪ್ಪ ಹೋದ ಮೇಲೆ, 2006ರಲ್ಲಿ, ಅಡುಗೆಮನೆ ಕಡೆಯ ಮಾಳಿಗೆ ಕುಸಿಯುವ ಹಾಗಿದೆ ಎಂದು ಅಣ್ಣ ಫೋನ್ ಮಾಡಿದ. ಹೊಸ ಜಂತಿ, ಹೊಸ ಮಣ್ಣು ಹಾಕಿಸೋಣ ಎಂಬುದು ಅವನ ವಿಚಾರ. ನಾನು ದುಡ್ಡು ಕಳಿಸಿ, ಕೆಡವಿ ಆರ್‌ಸಿಸಿ ಸ್ಲ್ಯಾಬ್ ಹಾಕಿಸು ಎಂದೆ. ಹಣ ಕಳಿಸುವವನ ಮಾತು ನಡೆಯಿತು. ಫೋಟೋ ಬಂತು, ಚೆಂದ ಕಂಡಿತು. ಮರುವರ್ಷ ಬೇಸಿಗೆಯಲ್ಲಿ ಊರಿಗೆ ಹೋದರೆ ಅವ್ವ ಆ ಹೊಸ ಕೋಣೆ ಬಿಟ್ಟು, ಪಡಸಾಲೆಯಲ್ಲಿ ಉಳಿದಿದ್ದ ಮಣ್ಣಿನ ಮಾಳಿಗೆಯ ಕೆಳಗೆ ಹಾಸಿಗೆ ಹಾಸಿಕೊಂಡಿದ್ದಳು. ಏನೂ ಅನ್ನಲಿಲ್ಲ. ದೂರದಲ್ಲಿ ಕೂತು ಮಣ್ಣಿನ ಮಾಡು ಕೆಡವಿಸಿದವನೇ ಈಗ ದೂರದಲ್ಲಿ ಕೂತು ಇನ್ನೊಂದು ಮಣ್ಣಿನ ಮಾಡನ್ನು ಕೊಳ್ಳಲು ಹೊರಟಿದ್ದೆ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ನನ್ನ ಉತ್ಸಾಹದಲ್ಲಿ ಪ್ರಾಯಶ್ಚಿತ್ತದ ಪಾಲೂ ಇತ್ತು.

ಮನೆಯ ಮೇಲೆ ಕಣ್ಣು ಬಿದ್ದ ಮೇಲೆ ಅದರ ವಂಶಾವಳಿ ಹುಡುಕುವುದು ನನ್ನ ಚಟ. ಹುಡುಕುತ್ತಾ ಹೋದಂತೆ ಒಂದು ಸಂಗತಿ ಎದ್ದು ಕಂಡಿತು. ಅಮೆರಿಕದಲ್ಲಿ ಬಿಳಿಯರ ಮಣ್ಣಿನ ಮನೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ದೂರದಿಂದ ಕೊಂಡವರ ಚರಿತ್ರೆ. ಕಾಗದ, ಚಿತ್ರ, ಕ್ಯಾಟಲಾಗು ನೋಡಿ ಮನಸ್ಸು ಮಾಡಿದವರು. ಬಂದ ಮೇಲೆ ಮಳೆ ಕಂಡವರು.

ಬಿಳಿಯರದು ಎಂದು ಬೇಕೆಂದೇ ಹೇಳಿದೆ. ಅವರಿಗಿಂತ ಶತಮಾನಗಳ ಮೊದಲೇ ಮಿಸೌರಿ ನದಿಯ ದಡದಲ್ಲಿ ಮಂಡನ್, ಹಿಡಾಟ್ಸಾ ಜನ, ನೆಬ್ರಾಸ್ಕಾದಲ್ಲಿ ಪಾನೀ ಜನ ಮಣ್ಣು ಹೊದಿಸಿದ ದುಂಡನೆಯ ದೊಡ್ಡ ಮನೆಗಳಲ್ಲಿದ್ದರು. ನಡುವೆ ನಾಲ್ಕು ದಪ್ಪ ಕಂಬ, ಮೇಲೆ ತೊಲೆ, ಕೊಂಬೆ, ಹುಲ್ಲು, ಕೊನೆಗೆ ಮಣ್ಣು, ನೆತ್ತಿಯಲ್ಲಿ ಹೊಗೆಕಿಂಡಿ. ನಮ್ಮ ಮಾಳಿಗೆಯ ಪದರಗಳೇ, ದುಂಡಗೆ ಕಟ್ಟಿದಂತೆ. ಮಂಡನ್, ಹಿಡಾಟ್ಸಾಗಳಲ್ಲಿ ಮನೆ ಕಟ್ಟುವ ಕೆಲಸದಲ್ಲಿ ಹೆಂಗಸರೇ ಮುಂದು, ಮನೆಯ ಒಡೆತನವೂ ಅವರದೇ. ಬೆಳೆದ ಜೋಳ ಇಡಲು ಅವರಿಗೂ ನೆಲದೊಳಗೆ ಹಗೇವಿನಂಥ ಗುಂಡಿಗಳಿದ್ದವು. ಮನೆಯನ್ನು ಯಾರಿಂದಲೂ ಕೊಳ್ಳಬೇಕಿರಲಿಲ್ಲ. 1870ರ ದಶಕದ ನಡುವೆ ಪಾನೀಗಳು ನೆಬ್ರಾಸ್ಕಾ ಬಿಟ್ಟು ಇಂದಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು. ಅವರು ಬಿಟ್ಟ ನೆಲಕ್ಕೆ ಬಂದ ಹೊಸಬರು ಮೊದಲು ಕಟ್ಟಿಕೊಂಡದ್ದೂ ಮಣ್ಣಿನ ಮನೆಯನ್ನೇ; ಕಲಿತು ಅಲ್ಲ, ಮರ ಸಿಗಲಿಲ್ಲ ಎಂದು.

ಹೊಸಬರು ಬಂದದ್ದು ಎರಡು ದಾರಿಯಿಂದ. 1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆ ಒಂದು ದಾರಿ: 160 ಎಕರೆ, ಅಲ್ಪ ಶುಲ್ಕ, ಐದು ವರ್ಷ ಅಲ್ಲೇ ಇದ್ದು ಮನೆ ಕಟ್ಟಿ ಉಳುಮೆ ಮಾಡಿದರೆ ನೆಲ ನಿಮ್ಮದು. ಇನ್ನೊಂದು ದಾರಿ ರೈಲ್ವೆ ಕಂಪನಿಗಳದು. ಹಳಿ ಹಾಕಿದ್ದಕ್ಕೆ ಸರಕಾರ ಅವಕ್ಕೆ ಲಕ್ಷಾಂತರ ಎಕರೆ ಕೊಟ್ಟಿತ್ತು. ಆ ನೆಲ ಮಾರಾಟವಾಗಬೇಕಿತ್ತು. ಬರ್ಲಿಂಗ್‌ಟನ್ ರೈಲ್ವೆಯ 1872ರ ಒಂದು ಭಿತ್ತಿಪತ್ರ ಹತ್ತು ವರ್ಷದ ಸಾಲ, ನೂರಕ್ಕೆ ಆರರ ಬಡ್ಡಿ ಎಂದು ದೊಡ್ಡಕ್ಷರಗಳಲ್ಲಿ ಕೂಗುತ್ತದೆ. ಜರ್ಮನ್, ಸ್ವೀಡಿಷ್, ಚೆಕ್ ಭಾಷೆಗಳಲ್ಲಿ ಇಂಥ ಕಿರುಹೊತ್ತಿಗೆಗಳು ಅಚ್ಚಾಗಿ ಸಮುದ್ರದಾಚೆ ಹೋದವು. ನೇಗಿಲು ಹೋದಲ್ಲಿ ಮಳೆ ಹಿಂಬಾಲಿಸುತ್ತದೆ ಎಂದು ಚಾರ್ಲ್ಸ್ ಡಾನಾ ವಿಲ್ಬರ್ ಎಂಬಾತ 1881ರಲ್ಲಿ ಬರೆದ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪ್ರೊಫೆಸರ್ ಸ್ಯಾಮ್ಯುಯೆಲ್ ಆಘಿಯೂ ಅದೇ ಅಭಿಪ್ರಾಯದವರು. 1890ರ ದಶಕದ ಬರ ಇದಕ್ಕೆ ಉತ್ತರ ಕೊಟ್ಟಿತು. ಅಷ್ಟರೊಳಗೆ ನೆಲ ಮಾರಾಟವಾಗಿತ್ತು.

ಬಂದವರಿಗೆ ಸಿಕ್ಕಿದ್ದು ಮರವಿಲ್ಲದ ಹುಲ್ಲುಗಾವಲು. ಆ ಹುಲ್ಲಿನ ಬೇರು ಹೆಣೆದುಕೊಂಡು ನೆಲವನ್ನೇ ಚಾಪೆ ಮಾಡಿಟ್ಟಿತ್ತು. ವಿಶೇಷ ನೇಗಿಲಿನಿಂದ ಅಡಿಗೂ ಮಿಕ್ಕ ಅಗಲ, ಮೂರು ನಾಲ್ಕು ಅಂಗುಲ ದಪ್ಪದ ಪಟ್ಟಿ ಕೊಯ್ದು, ಸಲಿಕೆಯಿಂದ ತುಂಡು ಮಾಡಿ, ಹುಲ್ಲಿನ ಮುಖ ಕೆಳಗೆ ಮಾಡಿ ಇಟ್ಟಿಗೆಯಂತೆ ಜೋಡಿಸುತ್ತಿದ್ದರು. ಇದೇ ಸಾಡ್ ಹೌಸ್. ನಮ್ಮ ಮಾತಿನಲ್ಲಿ ಹುಲ್ಲುಹೆಂಟೆಯ ಮನೆ. ಗೋಡೆ ಎರಡು ಮೂರು ಅಡಿ ದಪ್ಪ. ಒಂದು ಸಾಧಾರಣ ಮನೆಗೆ ಹೆಚ್ಚುಕಡಿಮೆ ಅರ್ಧದಿಂದ ಒಂದು ಎಕರೆಯ ಹೆಂಟೆ ಬೇಕಾಗುತ್ತಿತ್ತು. ಚಳಿಗೆ ಬೆಚ್ಚಗೆ, ಬಿಸಿಲಿಗೆ ತಂಪು. ಮಾಡು ಮಾತ್ರ ಸೋರುತ್ತಿತ್ತು. ಹೊರಗೆ ಒಂದು ದಿನ ಮಳೆಯಾದರೆ ಒಳಗೆ ಎರಡು ದಿನ ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಮಣ್ಣು, ಕೆಲವೊಮ್ಮೆ ಹಾವು, ಊಟದ ತಟ್ಟೆಗೆ ಬೀಳದಿರಲೆಂದು ಒಳಗೆ ತೆಳುಬಟ್ಟೆಯ ಮೇಲ್ಕಟ್ಟು ಕಟ್ಟುತ್ತಿದ್ದರು. ಇದನ್ನು ಓದಿ ನನ್ನ ಹೆಂಡತಿಗೆ ಹೇಳದೆ ಪುಟ ತಿರುವಿದೆ.

ಹಿಲ್ಟನ್ ಕುಟುಂಬದ ಫೋಟೋ ತೆಗೆದವನು ಸಾಲಮನ್ ಬುಚರ್. ತಾನೂ ನೆಲ ಹಿಡಿಯಲೆಂದೇ 1880ರಲ್ಲಿ ಕಸ್ಟರ್ ಕೌಂಟಿಗೆ ಬಂದವನು, ಬೇಸಾಯ ಒಗ್ಗಲಿಲ್ಲ. 1886ರಿಂದ ಗಾಡಿ ಕಟ್ಟಿಕೊಂಡು ಊರೂರು ತಿರುಗಿ, ಮನೆಯ ಮುಂದೆ ಮನೆಮಂದಿಯನ್ನು ನಿಲ್ಲಿಸಿ ಗಾಜಿನ ಫಲಕಗಳ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದ. 1899ರಲ್ಲಿ ಅವನ ಮನೆ ಸುಟ್ಟಿತು, ಬರೆದಿಟ್ಟ ಕಾಗದವೆಲ್ಲ ಬೂದಿಯಾಯಿತು. ಫಲಕಗಳು ಕಣಜದಲ್ಲಿದ್ದುದರಿಂದ ಉಳಿದವು. ಆ ಚಿತ್ರಗಳನ್ನು ಸಾಲಾಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮನೆಯೊಳಗಿನ ಒಳ್ಳೆಯ ಸಾಮಾನು ಹೊರಗೆ ಬಂದಿರುತ್ತದೆ. ಕುರ್ಚಿ, ಮೇಜು, ಹಕ್ಕಿಯ ಪಂಜರ, ಒಳ್ಳೆಯ ಕುದುರೆ. ಚಿತ್ರ ಹೋಗುವುದು ದೂರದ ಬಂಧುಗಳ ಕೈಗೆ. ಅವರು ನೋಡಬೇಕಾದದ್ದು ಇಷ್ಟು. ನಾವು ಹೊಸದಾಗಿ ಬಂದಾಗ ಬಾಡಿಗೆಯ ಅಪಾರ್ಟ್‌ಮೆಂಟಿನ ಮುಂದೆ ಯಾರದೋ ಕಾರಿಗೆ ಒರಗಿ ನಿಂತು ತೆಗೆಸಿದ ಫೋಟೋ ನಮ್ಮ ಊರ ಮನೆಯ ಗೋಡೆಯ ಮೇಲೆ ಇನ್ನೂ ಇದೆ.

ರೈಲು ಹಬ್ಬಿದಂತೆ ಮರದ ಹಲಗೆ ಅಗ್ಗವಾಯಿತು, ಹುಲ್ಲುಹೆಂಟೆಯ ಮನೆಗಳು ಕೊಟ್ಟಿಗೆಗಳಾದವು. ದೂರದಿಂದ ಮನೆ ಕೊಳ್ಳುವ ರೂಢಿ ಮಾತ್ರ ಬೆಳೆಯಿತು. 1908ರಿಂದ 1940ರವರೆಗೆ ಸಿಯರ್ಸ್ ಕಂಪನಿ ಕ್ಯಾಟಲಾಗಿನ ಮೂಲಕ ಸುಮಾರು 70 ಸಾವಿರ ಮನೆಗಳನ್ನು ಮಾರಿತು. ಕೊಯ್ದ ಮರ, ಮೊಳೆ, ಬಣ್ಣ ಸಮೇತ ಇಡೀ ಮನೆ ರೈಲಿನಲ್ಲಿ ಬಂದಿಳಿಯುತ್ತಿತ್ತು. ಚಿತ್ರದಲ್ಲಿದ್ದುದೇ ಕೈಗೆ ಬಂದ ವ್ಯಾಪಾರ ಅದು. ಮನೆಯನ್ನು ಕಾಗದದ ಮೇಲೆ ನೋಡಿ ಕೊಳ್ಳಬಹುದು ಎಂಬ ನಂಬಿಕೆ ಈ ದೇಶದಲ್ಲಿ ಹೀಗೆ ಗಟ್ಟಿಯಾಯಿತು. ಆದರೆ ಹಲಗೆಯ ಮನೆ ಎಲ್ಲಿ ನಿಲ್ಲಿಸಿದರೂ ಹೆಚ್ಚುಕಡಿಮೆ ಅದೇ ಮನೆ. ನೆಲದೊಳಗಿನ ಮನೆ ಹಾಗಲ್ಲ, ಅದಕ್ಕೆ ನೆಲವೇ ಗೋಡೆ.

ಮಣ್ಣಿನೊಳಗಿನ ಮನೆ ಮತ್ತೆ ಮಾತಿಗೆ ಬಂದದ್ದು ಅಣುಬಾಂಬಿನ ಭಯದಲ್ಲಿ. ಟೆಕ್ಸಾಸಿನ ಬಿಲ್ಡರ್ ಜೇ ಸ್ವೇಜ್ 1964–65ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಪೂರ್ತಿ ನೆಲದಡಿಯ ಮನೆಯೊಂದನ್ನು ಕಟ್ಟಿ ತೋರಿಸಿದ. ಕಿಟಕಿಗಳಿಗೆ ಬಣ್ಣದಲ್ಲಿ ಬರೆದ ಹೊರನೋಟ. ಜನ ಟಿಕೆಟ್ ಕೊಟ್ಟು ನೋಡಿದರು, ಕೊಳ್ಳಲು ಮನಸ್ಸು ಮಾಡಲಿಲ್ಲ. ಅದೇ ಮೇಳದಲ್ಲಿ ಆರ್‌ಸಿಎ ಕಂಪನಿಯ ಮಂಟಪ ಕಟ್ಟಿದವರು ನ್ಯೂಜೆರ್ಸಿಯ ವಾಸ್ತುಶಿಲ್ಪಿ ಮಾಲ್ಕಮ್ ವೆಲ್ಸ್. ಎರಡು ವರ್ಷಕ್ಕೆ ಕೆಡವುವ ಕಟ್ಟಡಕ್ಕಾಗಿ ಇಷ್ಟು ನೆಲ ಮುಚ್ಚಿದೆನಲ್ಲ ಎಂಬ ಕಸಿವಿಸಿ ಅವರನ್ನು ಬಿಡಲಿಲ್ಲ. 1970ರ ಸುಮಾರಿಗೆ ಚೆರಿ ಹಿಲ್‌ನಲ್ಲಿ ಹೆದ್ದಾರಿಯ ಪಕ್ಕದ ಸಣ್ಣ ತುಂಡು ಜಾಗದಲ್ಲಿ ತಮ್ಮ ಆಫೀಸನ್ನು ನೆಲದಡಿ ಕಟ್ಟಿ ಮೇಲೆ ಗಿಡ ಬೆಳೆಯಲು ಬಿಟ್ಟರು. 2009ರಲ್ಲಿ ತೀರಿಕೊಳ್ಳುವವರೆಗೂ ಇದನ್ನೇ ಬರೆದರು, ಬಿಡಿಸಿದರು. ಅವರ ಚಿತ್ರಗಳು ಬಲು ಮುದ್ದಾಗಿವೆ. ನನ್ನಂಥವರು ಹಾಳಾಗುವುದು ಅವನ್ನು ನೋಡಿಯೇ.

ವೆಲ್ಸ್ ಅವರ ಮಾತಿಗೆ ಗಿರಾಕಿ ಹುಟ್ಟಿಸಿದ್ದು 1973ರ ತೈಲ ಬಿಕ್ಕಟ್ಟು. ಕಚ್ಚಾತೈಲದ ಬೆಲೆ ಬ್ಯಾರೆಲ್‌ಗೆ ಸುಮಾರು 3 ಡಾಲರಿನಿಂದ 12ರ ಹತ್ತಿರ ಹೋಯಿತು. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಮಿನ್ನೆಸೋಟಕ್ಕೆ ಇದು ಜೀವದ ಪ್ರಶ್ನೆ. ಅಲ್ಲಿ ಇಪ್ಪತ್ತು ಅಡಿ ಆಳದ ಮಣ್ಣು ವರ್ಷವಿಡೀ 8–10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೊರಗಿನ ಗಾಳಿಗಿಂತ ಈ ಮಣ್ಣಿಗೆ ಬೆನ್ನು ಕೊಟ್ಟು ಕೂರುವುದು ಸುಲಭ. ಮಿನ್ನೆಸೋಟ ವಿಶ್ವವಿದ್ಯಾಲಯ 1977ರಲ್ಲಿ ಭೂಗತ ಕಟ್ಟಡಗಳಿಗೆಂದೇ ಒಂದು ಅಧ್ಯಯನ ಕೇಂದ್ರ ತೆರೆಯಿತು; ಮರುವರ್ಷ ಅಲ್ಲಿಂದ ಬಂದ ಕೈಪಿಡಿ ದೇಶದ ತುಂಬ ಹರಿದಾಡಿತು. 1978ರಲ್ಲಿ ಸೌರಶಾಖದ ಉಪಕರಣಗಳಿಗೆ ತೆರಿಗೆ ರಿಯಾಯಿತಿ ಬಂತು. ನಾನು ನೋಡಿದ ಮನೆ ಈ ಅಲೆಯ ಕೂಸು. ಕಟ್ಟಿದ ಮೊದಲ ಯಜಮಾನ ಒಬ್ಬ ಮೇಷ್ಟ್ರು; ಬಿಲ್ಲುಗಳನ್ನೂ ಕಟ್ಟುವಾಗಿನ ಫೋಟೋಗಳನ್ನೂ ಒಂದು ಫೈಲಿನಲ್ಲಿಟ್ಟು ಹೋಗಿದ್ದ. ಏಜೆಂಟ್ ಅದನ್ನು ಸ್ಕ್ಯಾನ್ ಮಾಡಿ ಕಳಿಸಿದರು. ಫೈಲು ಓದಿದ ಮೇಲೆ ಮುಂಗಡ ಕಟ್ಟಿಯೇಬಿಟ್ಟೆ.

ಕಟ್ಟಿದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ವಿಡಿಯೋ ಕಳಿಸಿದೆ. ನೋಡಿ ಮತ್ತೆ ಮಾಡಿದ.

"ತಮ್ಮಾ, ಮನಿ ಚಂದ ಐತಿ, ಬಿಡು. ಮ್ಯಾಲ ಯಾವ ಮಣ್ಣು ಹಾಕ್ಯಾರ?"

"ಗೊತ್ತಿಲ್ಲ ಅಣ್ಣಾ."

"ಮಳಿಗಾಲಕ್ಕ ಮೊದಲ ಮ್ಯಾಲ ಹತ್ತಿ ನೋಡಾವ್ರು ಯಾರು?"

"ಯಾರೂ ಹತ್ತಂಗಿಲ್ಲ. ಹುಲ್ಲು ಬೆಳಸ್ಯಾರ."

"ಮಾಳಿಗಿ ಮ್ಯಾಲ ಹುಲ್ಲು?" ಎಂದು ಸ್ವಲ್ಪ ಹೊತ್ತು ಸುಮ್ಮನಾದ. ನಮ್ಮ ಕಡೆ ಮಾಳಿಗೆಯ ಮೇಲೆ ಒಂದು ಕಡ್ಡಿ ಹುಲ್ಲು ಕಂಡರೂ ಕಿತ್ತು ಬಿಸಾಡುತ್ತಾರೆ. ಬೇರು ಹೋದ ದಾರಿಯಲ್ಲಿ ನೀರು ಹೋಗುತ್ತದೆ. "ಹಿತ್ತಲ ಗ್ವಾಡಿ ಕಡೆ ನೀರು ಎಲ್ಲಿ ಹೊಕ್ಕೈತಿ, ಅದರ ಕೇಳು."

ಮನೆ ಪರೀಕ್ಷೆಗೆ ನಾವು ಗೊತ್ತು ಮಾಡಿದ ಇನ್‌ಸ್ಪೆಕ್ಟರ್ ಕಳಿಸಿದ 40 ಪುಟಗಳ ವರದಿಯಲ್ಲಿ ಈ ನಾಲ್ಕು ಪ್ರಶ್ನೆಗಳಲ್ಲಿ ಒಂದೂ ಇರಲಿಲ್ಲ. ಹೊಗೆಯ ಅಲಾರಾಂ, ಬಿಸಿನೀರಿನ ಹಂಡೆ, ಮೆಟ್ಟಿಲಿನ ಕಟಾಂಜನ, ಎಲ್ಲ ಇತ್ತು. ಮಾಡಿನ ಬಗ್ಗೆ, ಮಣ್ಣು ಮುಚ್ಚಿರುವುದರಿಂದ ಪರೀಕ್ಷಿಸಲಾಗಿಲ್ಲ ಎಂಬ ಒಂದು ಸಾಲು. ಮತ್ತೆ ಮೇಷ್ಟ್ರ ಫೈಲು ತೆರೆದೆ. 1981ರ ಒಂದು ಬಿಲ್ಲಿನಲ್ಲಿ ಉತ್ತರವಿತ್ತು: ಬೆಂಟೊನೈಟ್.

ಬೆಂಟೊನೈಟ್ ಒಂದು ಬಗೆಯ ಜೇಡಿ. ವಯೋಮಿಂಗ್ ರಾಜ್ಯದ್ದು ಹೆಸರುವಾಸಿ. ಅದರಲ್ಲಿ ಸೋಡಿಯಂ ಇರುವುದರಿಂದ ನೀರು ತಾಗಿದಾಗ ಹಲವು ಪಟ್ಟು ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆ ಕಾಲದ ಭೂಗತ ಮನೆಗಳಿಗೆ ಇದನ್ನು ಕಾಂಕ್ರೀಟಿನ ಮೇಲೆ ಬಳಿಯುತ್ತಿದ್ದರು, ಇಲ್ಲವೆ ರಟ್ಟಿನ ಹಾಳೆಗಳಲ್ಲಿ ತುಂಬಿ ಗೋಡೆಗೆ ಹಚ್ಚುತ್ತಿದ್ದರು. ನಮ್ಮ ಸವಳು ಮಣ್ಣಿನ ಗುಟ್ಟೂ ಸೋಡಿಯಮ್ಮೇ. ಒದ್ದೆಯಾದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳಲ್ಲಿ ಕೂತುಬಿಡುತ್ತವೆ. ಹೊಲಕ್ಕೆ ಶಾಪವಾದ ಮಣ್ಣು ಮಾಡಿಗೆ ವರ. ಅದನ್ನು ಅಣ್ಣನಿಗೆ ಹೇಳಿದೆ. ಅವನಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. "ಹಂಗಾದ್ರ ಅದೂ ಸವಳ. ವರ್ಷಾ ಹೊಸಾದು ಹಾಕಬೇಕಲ್ಲ?" ಎಂದ.

ಅಲ್ಲಿಯೇ ಎಲ್ಲ ನಿಂತಿತ್ತು. ಮಾಳಿಗೆ ಬಾಳುವುದು ಮಣ್ಣಿನಿಂದಷ್ಟೇ ಅಲ್ಲ, ವರ್ಷವರ್ಷ ಅದರ ಮೇಲೆ ಹತ್ತುವ ಕಾಲುಗಳಿಂದ. ಮುಂಗಾರಿನ ಮೊದಲು ಹತ್ತಿ ಬಿರುಕು ನೋಡಿ, ಹೊಸ ಸವಳು ಹರಡಿ, ಜೋರು ಮಳೆಯಲ್ಲಿ ಗೋಣಿಚೀಲ ಹೊದ್ದು ಮತ್ತೆ ಹತ್ತಿ, ಸೋರುವ ಜಾಗ ತುಳಿದು ಇಳಿಯಬೇಕು. ವಿಸ್ಕಾನ್ಸಿನ್ನಿನ ಮನೆಯಲ್ಲಿ ಅದೇ ಮಣ್ಣನ್ನು 40 ವರ್ಷದ ಹಿಂದೆ ಹಚ್ಚಿ, ಮೇಲೆ ಎರಡು ಅಡಿ ಮಣ್ಣು ಹೇರಿ ಮರೆತಿದ್ದರು. ಹರಿಯುವ ನೀರು ಬೆಂಟೊನೈಟನ್ನು ಕೊಚ್ಚಿಕೊಂಡು ಹೋಗುತ್ತದೆ. ತೆಗೆದು ನೋಡುವುದೆಂದರೆ, ಒಂದು ಅಡಿ ದಪ್ಪದ ಒದ್ದೆ ಮಣ್ಣಿಗೆ ಚದರಡಿಗೆ 50 ಕಿಲೋದಷ್ಟು ತೂಕ. 1,500 ಚದರಡಿ ಮಾಡಿನ ಮೇಲೆ ಎರಡು ಅಡಿ ಎಂದರೆ 150 ಟನ್. ಗೋಣಿಚೀಲ ಹೊದ್ದು ಮಾಡುವ ಕೆಲಸವಲ್ಲ.

ಇನ್ನೊಂದು ಅಂಶ ಗಾಳಿ. ಪೆನ್ಸಿಲ್ವೇನಿಯಾದ ಅಣುವಿದ್ಯುತ್ ಸ್ಥಾವರದ ನೌಕರ ಸ್ಟ್ಯಾನ್ಲಿ ವಾಟ್ರಸ್ 1984ರ ಡಿಸೆಂಬರಿನಲ್ಲಿ ಕೆಲಸಕ್ಕೆ ಬರುವಾಗಲೇ ವಿಕಿರಣದ ಅಲಾರಾಂ ಹೊಡೆದುಕೊಂಡಿತು; ಹುಡುಕಿದರೆ ಅವನ ಮನೆಯೊಳಗೇ, ನೆಲದಿಂದ ಏಳುವ ರೇಡಾನ್ ಅನಿಲ. ಅಲ್ಲಿಂದ ನೆಲಕ್ಕೆ ಅಂಟಿದ ಮನೆಗಳ ಬಗ್ಗೆ ಹೊಸ ಅಳುಕು ಹುಟ್ಟಿತು. ನಮ್ಮಲ್ಲಿ ಹಗೇವು ತೆರೆದರೆ ಒಂದು ದಿನ ಬಿಟ್ಟು, ದೀಪ ಇಳಿಸಿ, ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ರೇಡಾನ್ ದೀಪ ಆರಿಸುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ. ನಾವು ನೋಡಿದ ಮನೆ ಆ ಪರೀಕ್ಷೆಯಲ್ಲಿ ಪಾಸಾಗಿತ್ತು, ಅದನ್ನೂ ಹೇಳಬೇಕು.

ಏಪ್ರಿಲ್ ಮೊದಲ ವಾರ ಹಿಮ ಕರಗುತ್ತಿತ್ತು. ಮಗಳು ಗೆಳತಿಯ ಜೊತೆ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಹೋದಳು. ಬಾಗಿಲು ತೆರೆದ ಕೂಡಲೇ, "ಅಪ್ಪಾ, ಒದ್ದೆ ಟವೆಲಿನ ವಾಸನೆ" ಎಂದಳು. ವಿಡಿಯೋದಲ್ಲಿ ಅದು ಬಂದಿರಲಿಲ್ಲ. ಉತ್ತರದ ಗೋಡೆಗೆ, ಅಂದರೆ ಗುಡ್ಡದ ಕಡೆಯ ಗೋಡೆಗೆ, ಒಂದು ಅಂದವಾದ ಪುಸ್ತಕದ ಕಪಾಟು ಒರಗಿಸಿದ್ದರು. ನಾವು ನೋಡಿ ಮೆಚ್ಚಿದ್ದ ಕಪಾಟೇ. ಗೆಳತಿಯರಿಬ್ಬರೂ ಸೇರಿ ಅದನ್ನು ಒಂದು ಗೇಣು ಎಳೆದರು. ಹಿಂದೆ ನೆಲದಿಂದ ಮೊಣಕಾಲಿನ ಎತ್ತರಕ್ಕೆ ಬಿಳಿ ಉಪ್ಪಿನ ಪೊರೆ, ಅದರ ಕೆಳಗೆ ಅಂಗೈ ಇಟ್ಟರೆ ತೇವ. ಏಜೆಂಟ್ ಮುಖ ಕೆಂಪಾಯಿತಂತೆ. ಅವರಿಗೂ ಗೊತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಕಪಾಟು ಯಾವ ಕಾಲದಲ್ಲಿ ಅಲ್ಲಿಗೆ ಬಂತೋ. ಹಿಲ್ಟನ್ ಬಾಯಿ ಆರ್ಗನ್ನನ್ನು ಹೊರಗೆ ತಂದು ಮನೆಯನ್ನು ಮರೆಮಾಡಿದಳು. ಇಲ್ಲಿ ಕಪಾಟನ್ನು ಒಳಗಿಟ್ಟು ಗೋಡೆಯನ್ನು.

ನಾವು ಬೇಡ ಎನ್ನುವ ಮೊದಲೇ ಬ್ಯಾಂಕು ಬೇಡ ಎಂದಿತು, ಬೇರೆಯೇ ಕಾರಣಕ್ಕೆ. ಸಾಲ ಕೊಡಲು ಮನೆಯ ಬೆಲೆ ಕಟ್ಟಬೇಕು. ಬೆಲೆ ಕಟ್ಟಲು ಆಸುಪಾಸಿನಲ್ಲಿ ಇತ್ತೀಚೆಗೆ ಮಾರಾಟವಾದ ಅದೇ ತರದ ಮನೆಗಳು ಬೇಕು. ಅಪ್ರೈಸರಿಗೆ ಒಂದೂ ಸಿಗಲಿಲ್ಲ. ಎಂಬತ್ತರ ದಶಕದಲ್ಲಿ ಈ ಮನೆಗಳ ಅಲೆ ಇಳಿದದ್ದಕ್ಕೆ ಸೋರುವಿಕೆಯಷ್ಟೇ ಇದೂ ಕಾರಣ. ತೆರಿಗೆ ರಿಯಾಯಿತಿ 1985ರ ಕೊನೆಗೆ ಮುಗಿಯಿತು, 1986ರಲ್ಲಿ ತೈಲದ ಬೆಲೆ ಕುಸಿಯಿತು, ಕಟ್ಟಿದವರು ಮಾರಲು ಹೋದಾಗ ಕೊಳ್ಳುವವರಿಗೆ ಸಾಲ ಸಿಗಲಿಲ್ಲ. ಕಡಿಮೆ ಮಾರಾಟವಾದ್ದರಿಂದ ಬೆಲೆ ಗೊತ್ತಿಲ್ಲ, ಬೆಲೆ ಗೊತ್ತಿಲ್ಲದ್ದರಿಂದ ಮಾರಾಟವಿಲ್ಲ. ಕರಾರಿನಲ್ಲಿ ಸಾಲದ ಷರತ್ತು ಇದ್ದುದರಿಂದ ನಮ್ಮ ಮುಂಗಡ ವಾಪಸು ಬಂತು. ಹೆಂಡತಿ ಅವತ್ತು ಹೋಳಿಗೆ ಮಾಡಿದಳು. ಹಬ್ಬವೇನೂ ಇರಲಿಲ್ಲ.

ನಾನು ತಿಂಗಳುಗಟ್ಟಲೆ ಆ ಮನೆಯನ್ನು ಮರೆಯಲಿಲ್ಲ. ತೇವವಿದ್ದರೂ ಅದು ಸೋತ ಮನೆಯಲ್ಲ ಎಂದು ಈಗಲೂ ನನ್ನ ವಾದ. ಗುಡ್ಡದ ಕಡೆಯಿಂದ ಬರುವ ನೀರಿಗೆ ಬೇರೆ ದಾರಿ ತೋಡಿಕೊಟ್ಟಿದ್ದರೆ ಆ ಗೋಡೆ ಒಣಗುತ್ತಿತ್ತು. ಅದಕ್ಕೆ ಹತ್ತಿರದಲ್ಲಿರುವ ಒಬ್ಬ ಮನುಷ್ಯ ಬೇಕಿತ್ತು, ಸಾವಿರ ಮೈಲು ದೂರದ ನಾನಲ್ಲ.

ಅಂಥವರು ಸಿಕ್ಕರು. ಅಕ್ಟೋಬರಿನಲ್ಲಿ ಮಗಳು ಆ ದಾರಿಯಲ್ಲಿ ಹೋಗುವಾಗ ರಸ್ತೆಯಿಂದಲೇ ಒಂದು ಫೋಟೋ ತೆಗೆದು ಕಳಿಸಿದಳು. ಪಕ್ಕದ ಊರಿನ ಯಾರೋ ನಗದು ಕೊಟ್ಟು ಕೊಂಡಿದ್ದರಂತೆ. ಮಾಡಿನ ಮಣ್ಣೆಲ್ಲ ಅಂಗಳದಲ್ಲಿ ರಾಶಿ ಬಿದ್ದಿತ್ತು. ಬರಿದಾದ ಕಾಂಕ್ರೀಟಿನ ಮೇಲೆ ಕಪ್ಪು ರಬ್ಬರಿನ ಹಾಳೆ ಹಾಸುತ್ತಿದ್ದರು; ಗುಡ್ಡದ ಕಡೆ ಆಳುದ್ದ ಕಾಲುವೆ ತೋಡಿದ್ದರು. ಫೋಟೋವನ್ನು ಅಣ್ಣನಿಗೆ ಕಳಿಸಿದೆ. ಅವನು ಅದೇ ತಿಂಗಳು ನನ್ನ ಸ್ಲ್ಯಾಬಿನ ಮೇಲೆ, ಅವ್ವನ ಹಾಸಿಗೆ ಒಳಗೆ ಬರಲೆಂದು, ಎಂಟು ಅಂಗುಲ ಮಣ್ಣು ಹಾಕಿಸುವ ತಯಾರಿಯಲ್ಲಿದ್ದ. ನಾನು ಬೇಡ ಎನ್ನಲಿಲ್ಲ. ಅಷ್ಟು ಭಾರ ತಡೆಯುತ್ತದೆಯೇ ಎಂದು ಯಾರಾದರೂ ಇಂಜಿನಿಯರಿಗೆ ತೋರಿಸು ಎಂದಷ್ಟೇ ಅಂದೆ. ತೋರಿಸಿದ. ಎಂಟು ಬೇಡ, ನಾಲ್ಕು ಸಾಕು ಎಂದರಂತೆ.

ವಿಸ್ಕಾನ್ಸಿನ್ನಿನ ಫೋಟೋ ನೋಡಿ ಸಂಜೆ ಉತ್ತರ ಕಳಿಸಿದ್ದ: "ಕಾಲಿವಿ ಚಲೋ ತಗದಾರ. ಮಳಿ ಆದ ಮ್ಯಾಲ ಇನ್ನೊಂದು ಫೋಟೋ ಕಳಸಾಕ ಹೇಳು."